ಹಗಲಲ್ಲಿ ಹೇಳಿದ ದೆವ್ವದ ಕಥೆ

ಹೂಂ.

ಮೊಳಕಾಲ್ಮೂರಿನ ನಮ್ಮ ಮನೆಯನ್ನು ನೆನೆದರೆ ಕಣ್ಣಿಗಿಂತ ಮೊದಲು ಕಿವಿಗೆ ಬರುವುದು ಇದೊಂದೇ ಸದ್ದು. ಮಗ್ಗದ ಸದ್ದು ಬೀದಿಯ ಎಲ್ಲ ಮನೆಗಳಲ್ಲೂ ಇತ್ತು, ನಿಂತಾಗ ಮಾತ್ರ ಅದು ಇದ್ದದ್ದು ತಿಳಿಯುತ್ತಿತ್ತು. ಹೂಂ ನಮ್ಮ ಮನೆಯದು. ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕು. ಹೂಂ ಬರದಿದ್ದರೆ ಅವಳು ಅಲ್ಲೇ ನಿಲ್ಲಿಸಿ, ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು, ಕಥೆಯ ಹುಡುಗಿಯನ್ನು ಬಾವಿಕಟ್ಟೆಯ ಮೇಲೆಯೇ ಬಿಟ್ಟು ಸುಮ್ಮನಾಗುತ್ತಿದ್ದಳು. ಹಾಗಾಗಿ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ರೇಷ್ಮೆ ಸುತ್ತುತ್ತ ಕೂತ ಹೆಂಗಸರೆಲ್ಲ ಹೂಂಗುಟ್ಟುತ್ತಿದ್ದರು. ಅವ್ವನದು ಅಡಿಗೆಮನೆಯಿಂದ ಬರುವ ಅರೆಮನಸ್ಸಿನ ಹೂಂ. ಸಾಕವ್ವನದು ಮೂಗಿನಲ್ಲೇ ಉಳಿಯುವ ಸಣ್ಣ ಹೂಂ. ಓಬಿಯದು ಕಥೆಗಿಂತ ಮುಂದೆ ಓಡುವ ಹೂಂ. ಎಷ್ಟೋ ವರ್ಷಗಳ ಮೇಲೆ ಬಳ್ಳಾರಿಯ ಕಾನ್ವೆಂಟಿನ ಚಾಪೆಲ್‌ನಲ್ಲಿ ಮೊದಲ ಸಲ ಕ್ವಾಯರಿನ ಗುಂಪುಹಾಡು ಕೇಳಿದಾಗ ಉಳಿದ ಹುಡುಗಿಯರೆಲ್ಲ ತಲೆ ತಗ್ಗಿಸಿದ್ದರು. ನಾನು ಮಾತ್ರ, ಕಥೆ ಹೇಳುತ್ತಿರುವವರು ಯಾರು ಎಂದು ಸುತ್ತಲೂ ಹುಡುಕಿದೆ.

ನಮ್ಮಪ್ಪ ರೇಷ್ಮೆ ನೂಲು ತರಿಸಿ ನೇಕಾರರಿಗೆ ಹಂಚಿ, ನೇಯ್ದ ಸೀರೆಗಳನ್ನು ಬಳ್ಳಾರಿಗೆ ಒಯ್ಯುತ್ತಿದ್ದರು. ಅಲ್ಲಿನ ಕಂಟೋನ್ಮೆಂಟಿನ ದೊರೆಸಾನಿಯರನ್ನು ನೋಡಿ ನೋಡಿ ಅವರಿಗೆ ಇಂಗ್ಲಿಷಿನ ಹುಚ್ಚು ಹತ್ತಿತ್ತು. ಮುಂದೆ ನಾನು ಸ್ಟಾಕಿಂಗ್ಸ್ ಹಾಕಿಕೊಂಡು ಪಿಯಾನೋ ಮುಂದೆ ಕೂತದ್ದಕ್ಕೆ ಆ ಹುಚ್ಚೇ ಕಾರಣ. ಮನೆಯ ಪಡಸಾಲೆ ಗಂಡಸರದು. ಅಲ್ಲಿ ಜಮಖಾನ, ತಕ್ಕಡಿ, ವ್ಯಾಪಾರದ ಮಾತು. ನಡುಮನೆ ನಮ್ಮದು. ಅಲ್ಲಿಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯೊಂದರಿಂದ. ಬಿಸಿಲಿನ ಆ ಚೌಕ ಬೆಳಿಗ್ಗೆ ಒಳಕಲ್ಲಿನ ಹತ್ತಿರ ಬಿದ್ದು, ಸಂಜೆಯ ಹೊತ್ತಿಗೆ ಎದುರು ಗೋಡೆ ಹತ್ತಿ ಮಾಯವಾಗುತ್ತಿತ್ತು. ರಾಟೆಗಳನ್ನು ಅದರ ಹಿಂದೆಯೇ ಸರಿಸುತ್ತ ಹೋಗುವುದು ನಮ್ಮ ಹೆಂಗಸರ ಪದ್ಧತಿ. ಹಿತ್ತಲಿನ ಒಂದು ಕೋಣೆಯಲ್ಲಿ ಸಾಕವ್ವ ಮತ್ತು ಅವಳ ಮಗಳು ಓಬಿ ಇದ್ದರು. ಸಾಕವ್ವನ ಗಂಡ ನಮ್ಮ ಮನೆಗೆ ನೇಯುತ್ತಿದ್ದವನು, ಓಬಿ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ಅವನ ಮಗ್ಗ ಆ ಕೋಣೆಯಲ್ಲಿ ಖಾಲಿ ನಿಂತಿತ್ತು. ನೇಯುವವನು ಕಾಲು ಇಳಿಬಿಡುವ ಅದರ ಗುಂಡಿಯೊಳಗೆ ಇಳಿದು ನಾನೂ ಓಬಿಯೂ ಅಡಗಿಕೊಳ್ಳುತ್ತಿದ್ದೆವು. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಉಣ್ಣುತ್ತಿದ್ದೆವು, ಅಜ್ಜಿ ಬೈದ ದಿನ ಮಾತ್ರ ಎರಡು ತಟ್ಟೆ. ಚಳ್ಳಕೆರೆಯ ಚುಚ್ಚುವ ಕಂಬಳಿಯೊಂದರ ಕೆಳಗೆ ಇಬ್ಬರೂ ಮಲಗುತ್ತಿದ್ದೆವು.

ಅಜ್ಜಿಯ ಕಥೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೆವ್ವದ ಕಥೆಗಳು. ನನಗೆ ಈಗ ಆಶ್ಚರ್ಯವಾಗುವುದೆಂದರೆ, ಅವಳ ದೆವ್ವಗಳೆಲ್ಲ ಹೆಂಗಸರೇ, ಎಲ್ಲರೂ ಒಂಟಿ. ಬಾವಿಗೆ ಬಿದ್ದ ಮದುಮಗಳು, ಬಾಣಂತಿಯಾಗಿ ಸತ್ತವಳು, ಗಂಡನ ಮನೆಯ ದಾರಿಯಲ್ಲಿ ಕಳೆದುಹೋದವಳು. ಅವರ ಕೈಗೆ ಸಿಕ್ಕುವವಳೂ ಇನ್ನೊಬ್ಬ ಒಂಟಿ ಹುಡುಗಿಯೇ. ಒಂದು ಹೆಣ್ಣು ಇನ್ನೊಂದು ಹೆಣ್ಣಿನ ಕತ್ತು ಹಿಸುಕುವಲ್ಲಿಗೆ ಕಥೆ ಮುಗಿಯುತ್ತಿತ್ತು, ಎಲ್ಲರೂ ನಿಟ್ಟುಸಿರು ಬಿಟ್ಟು ಹಾಸಿಗೆ ಹಾಸುತ್ತಿದ್ದರು. ಈ ಕಥೆಗಳಿಗೆ ಒಂದೇ ಕಟ್ಟುಪಾಡು: ಹಗಲಲ್ಲಿ ಹೇಳುವಂತಿಲ್ಲ. ಹಗಲು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಇದು ನಮ್ಮ ಕಡೆಯ ಎಲ್ಲ ಮನೆಗಳ ನಂಬಿಕೆ. ಮಧ್ಯಾಹ್ನ ಒಂದು ಸಣ್ಣ ಕಾಗೆ ಗುಬ್ಬಿಯ ಕಥೆ ಎತ್ತಿದರೂ ಅವ್ವ ಓಡಿ ಬಂದು ಬಾಯಿ ಮುಚ್ಚುತ್ತಿದ್ದಳು, ರಾಯದುರ್ಗದಲ್ಲಿದ್ದ ತನ್ನ ತಮ್ಮ ಎಲ್ಲಿ ಅಡವಿಪಾಲಾಗುತ್ತಾನೋ ಎಂದು.

ಓಬಿಗೆ ಸೋದರಮಾವ ಒಬ್ಬನಿದ್ದ. ಚಳ್ಳಕೆರೆಯಲ್ಲಿ ಎಣ್ಣೆಯ ಗಾಣ ಇಟ್ಟುಕೊಂಡಿದ್ದ ತಿಮ್ಮಣ್ಣ. ದೊಡ್ಡ ಮೀಸೆ, ಮೆತ್ತನೆಯ ಮಾತು, ಮೈಗೆಲ್ಲ ಹಿಂಡಿಯ ವಾಸನೆ. ಬಂದಾಗಲೆಲ್ಲ ನಮಗೆ ಬೆಲ್ಲ ತರುತ್ತಿದ್ದ, ನಮಗೆ ಅವನ ಮೇಲೆ ಏನೂ ಸಿಟ್ಟಿರಲಿಲ್ಲ. ಆದರೆ ಅವನ ಹೆಂಡತಿ ಗಂಗಮ್ಮ ಹಿಂದಿನ ವರ್ಷ ಜ್ವರದಿಂದ ತೀರಿಕೊಂಡಳು. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಓಬಿಯ ಅಪ್ಪ ಸತ್ತಾಗ ಸಾಕವ್ವ ಏನೋ ಸಂಕಟದಲ್ಲಿ, ಈ ಕೂಸು ನಿನ್ನದೇ ಅಂತ ತಿಳ್ಕೋ, ಎಂದು ತಮ್ಮನ ಮುಂದೆ ಅಂದಿದ್ದಳಂತೆ. ಆ ಮಾತು ಈಗ ಎದ್ದು ನಿಂತಿತು. ಓಬಿಗೆ ಹನ್ನೊಂದು. ತಿಮ್ಮಣ್ಣನ ದೊಡ್ಡ ಮಗಳು ಅವಳಿಗಿಂತ ಹಿರಿಯಳು. ಶುಕ್ರವಾರ ಸೂರ್ಯ ಮುಳುಗುವುದರೊಳಗೆ ವೀಳ್ಯ ಬದಲಾಯಿಸಿ ಮಾತು ಗಟ್ಟಿ ಮಾಡಬೇಕು, ಮರುದಿನ ಅಮಾವಾಸ್ಯೆ, ಆಚೆಗೆ ಆಷಾಢ, ಎಂದು ಹೇಳಿಕಳಿಸಿದ. ಸರ್ಕಾರಿ ದನ ಮೇಯುವ ಕಾವಲಿನಲ್ಲಿ ಹುಟ್ಟಿ ಬೆಳೆದ ಹೊಸ ಜೋಡಿ ಎತ್ತು ಕೊಂಡಿದ್ದೇನೆ, ಅವುಗಳನ್ನೇ ಕಟ್ಟಿಕೊಂಡು ಬರುತ್ತೇನೆ, ನೋಡಿದರೆ ಮೊಳಕಾಲ್ಮೂರೇ ಬಾಯಿ ಬಿಡಬೇಕು ಎಂಬ ಬಡಾಯಿಯನ್ನೂ ಸೇರಿಸಿದ್ದ. ಮತ್ತೊಂದು ಮಾತೂ ಬಂತು: ಹಿರಿಯಳ ಬಿಲ್ಲೆ ಮಾಡಿಸಿದ್ದೇನೆ. ಸತ್ತ ಹೆಂಡತಿಯ ಮುಖ ಕೊರೆದ ಚಿನ್ನದ ಸಣ್ಣ ಬಿಲ್ಲೆ ಅದು. ಎರಡನೆಯವಳು ಅದನ್ನು ಕೊರಳಲ್ಲಿ ಕಟ್ಟಿಕೊಂಡರೆ ಮೊದಲನೆಯವಳು ದೆವ್ವವಾಗಿ ಕಾಡುವುದಿಲ್ಲ ಎಂದು ನಂಬಿಕೆ.

ಓಬಿಗೆ ಮೀಸೆಯ ಭಯವಿರಲಿಲ್ಲ, ಆ ಬಿಲ್ಲೆಯ ಭಯ. ಗಂಗಮ್ಮ ಮಧ್ಯಾಹ್ನದ ಹೊತ್ತು ಗಾಣದ ಸುತ್ತ ಸುತ್ತುತ್ತಾಳೆ, ಎತ್ತಿಲ್ಲದೆ ಗಾಣ ತಿರುಗುತ್ತದೆ ಎಂದು ಚಳ್ಳಕೆರೆಯಿಂದ ಬಂದವರು ಯಾರೋ ಹೇಳಿಹೋಗಿದ್ದರು. ಅಜ್ಜಿಯ ಕಥೆ ಕೇಳಿ ಬೆಳೆದವಳಿಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅನ್ನ ಬಿಟ್ಟಳು. ಸಾಕವ್ವ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೊಟ್ಟ ಮಾತಿನ ಕೆಳಗೆ ಸಿಕ್ಕಿಕೊಂಡವಳ ಹಾಗೆ ರಾಟೆ ತಿರುಗಿಸುತ್ತಿದ್ದಳು. ಗುರುವಾರ ಖಾಲಿ ಮಗ್ಗದ ಗುಂಡಿಯಲ್ಲಿ ಕೂತು ಅತ್ತು ಸಾಕಾದ ಮೇಲೆ ಓಬಿ ಕೇಳಿದಳು.

"ರುಕ್ಕು, ಹಗಲು ಕಥೆ ಹೇಳಿದ್ರೆ ಯಾರಿಗೆ ದಾರಿ ತಪ್ತೈತೆ?"

"ಸೋದರಮಾವಂಗೆ."

"ನಂಗಿರೋನು ಒಬ್ನೇ ಸೋದರಮಾವ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ತಕ್ಷಣ ನನ್ನ ಮಾವನ ಚಿಂತೆ. ಆದರೆ ಅವನು ಕಾಲಿಗೆ ಮುಳ್ಳು ಹೊಕ್ಕು, ಬಾತು, ರಾಯದುರ್ಗದ ತನ್ನ ಮನೆಯಲ್ಲಿ ಮಲಗಿದ್ದ ಸುದ್ದಿ ಬಂದಿತ್ತು. ಮಂಚದಿಂದ ಹಿತ್ತಲಿಗೆ ಹೋಗುವಾಗ ದಾರಿ ತಪ್ಪಿದರೆ ಯಾರಾದರೂ ಹಿಡಿದು ತಂದಾರು ಎಂದು ತೀರ್ಮಾನಿಸಿದೆವು. ತಿಮ್ಮಣ್ಣ ಗುರುವಾರ ರಾತ್ರಿ ಕಾವಲಿನ ಅಂಚಿನ ಹಳ್ಳಿಯಲ್ಲಿ ನೆಂಟರ ಮನೆಯಲ್ಲಿ ಉಳಿದು, ಬೆಳಕು ಹರಿಯುತ್ತಲೇ ಹೊರಡುವವನಿದ್ದ. ಅವನು ಗಾಡಿ ಹೂಡುವಾಗ ಶುರುವಾದ ಕಥೆ ದೀಪ ಹಚ್ಚುವವರೆಗೆ ನಿಲ್ಲಬಾರದು. ನಿಂತರೆ ದಾರಿ ಸಿಕ್ಕಿಬಿಡುತ್ತದೆ. ಇಷ್ಟು ಸರಳವಾದ, ಇಷ್ಟು ಪರ್ಫೆಕ್ಟ್ ಆದ ಪ್ಲಾನ್ ನನ್ನ ಜೀವಮಾನದಲ್ಲಿ ಮತ್ತೆ ಸಿಕ್ಕಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ನಡುಮನೆಯ ಮೂಲೆಯಲ್ಲಿ ಕೂತು ಓಬಿ ಶುರು ಮಾಡಿದಳು, ನಾನು ಹೂಂಗುಟ್ಟಿದೆ. ಒಂದೂರಲ್ಲಿ ಒಂದು ಗಾಣದ ಮನೆ. ಆ ಮನೆಗೆ ಒಬ್ಬ ಹುಡುಗಿಯನ್ನು ಎರಡನೆಯವಳಾಗಿ ಕೊಟ್ಟರು. ಎಲ್ಲ ಕೋಣೆಗೂ ಹೋಗು, ಎಣ್ಣೆಯ ಕೊಪ್ಪರಿಗೆ ಇರೋ ಕೋಣೆಗೆ ಮಾತ್ರ ಹೋಗಬ್ಯಾಡ ಅಂದರು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಆ ಕೋಣೆಯೊಳಗಿಂದ ಬಳೆಯ ಸದ್ದು. ಗಾಣ ತಾನಾಗಿ ಕಿರ್ರೆಂದು ತಿರುಗಿತು. ಬಾಗಿಲ ಸಂದಿಯಿಂದ ಎಣ್ಣೆ ಹರಿದು ಬಂತು, ಅದರ ಮೇಲೆ ಒಂದೊಂದಾಗಿ ಹೆಜ್ಜೆ ಮೂಡಿದವು, ಹುಡುಗಿಯ ಕಡೆಗೇ. ಇಲ್ಲಿಗೆ ಬರುವಾಗ ಓಬಿಯ ತುಟಿ ಬಿಳಚಿಕೊಂಡಿತ್ತು. ಹೆಜ್ಜೆಗಳು ಹುಡುಗಿಯ ಮುಂದೆ ಬಂದು ನಿಂತವು ಎಂದಳು, ಮುಂದಕ್ಕೆ ಅವಳಿಗೆ ಆಗಲಿಲ್ಲ. ಕಥೆ ನಿಂತಿತು. ಅಷ್ಟರಲ್ಲಿ ತಿಮ್ಮಣ್ಣನ ಎತ್ತುಗಳು ಕಾವಲು ದಾಟಿ ಬರುತ್ತಿರುವಂತೆ ನನಗೆ ಕಣ್ಣಿಗೆ ಕಟ್ಟಿತು. ಏನು ಹೇಳಬೇಕೋ ತಿಳಿಯದೆ, ಮನೆಗೆ ಬಂದವರನ್ನು ನಮ್ಮವ್ವ ಕೇಳುವುದನ್ನೇ ಹೇಳಿದೆ.

"ಆ ದೆವ್ವ ಕೇಳ್ತು, ಉಂಡೇನೇ ಮಗಳೇ?"

ಓಬಿ ನನ್ನನ್ನು ದಿಟ್ಟಿಸಿದಳು. ಆಮೇಲೆ ಬಹಳ ಮೆಲ್ಲಗೆ ಅಂದಳು.

"ಹುಡುಗಿ ಅಂದ್ಲು, ಇಲ್ಲ ಕಣಕ್ಕಾ."

ಅಲ್ಲಿಂದ ಕಥೆ ಬೇರೆಯೇ ದಾರಿ ಹಿಡಿಯಿತು. ಸತ್ತವಳು ಕೊಪ್ಪರಿಗೆಯ ಹಿಂದಿನಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ಇಬ್ಬರೂ ಕೂತು ಉಂಡರು. ಹುಡುಗಿಯ ತಲೆ ಬಾಚಿ ಹೆಣೆದಳು, ಬೆರಳು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಅಷ್ಟರಲ್ಲಿ ಅಜ್ಜಿ ಒಳಗೆ ಬಂದು ನಮ್ಮನ್ನು ಹಿಡಿದಳು. ಹಗಲು ಹೊತ್ತಿನಲ್ಲಿ ಕಥೆಯೇ, ಅದೂ ಇವತ್ತು, ಮಾವ ದಾರಿಯಲ್ಲಿರುವಾಗ, ಎಂದು ಗದರಿದಳು. ನಾನು ಅತ್ತೇಬಿಟ್ಟೆ. ಓಬಿ ಅಳಲಿಲ್ಲ. ಅಜ್ಜಿಯ ಕಣ್ಣನ್ನೇ ನೋಡುತ್ತ ಹೇಳಿದಳು.

"ಅದಕ್ಕೇ ಹೇಳ್ತಾ ಇದೀನಿ."

ರಾಟೆಯ ಮುಂದಿದ್ದ ಸಾಕವ್ವ ತಲೆ ಎತ್ತಲಿಲ್ಲ. ಅಡಿಗೆಮನೆಯಲ್ಲಿ ಅವ್ವನ ಸೌಟಿನ ಸದ್ದೂ ನಿಂತಿತ್ತು. ಆಮೇಲೆ ಅಜ್ಜಿ ಮಂಡಿ ಹಿಡಿದುಕೊಂಡು ನಮ್ಮ ಪಕ್ಕ ಕೂತಳು, ಎಲೆಗೆ ಸುಣ್ಣ ಸವರಿದಳು.

"ನಮ್ಮ ಸೋದರಮಾವಂದಿರೆಲ್ಲ ಮಣ್ಣಾಗಿ ಎಷ್ಟು ಕಾಲ ಆಯ್ತೋ. ನಾ ಹೇಳಿದ್ರೆ ದಾರಿ ತಪ್ಪೋರು ಯಾರೂ ಇಲ್ಲ. ಎಲ್ಲಿಗೆ ಬಂದ್ರಿ, ಹೇಳ್ರೇ."

ಅಜ್ಜಿ ಬಾವಿಗೆ ಬಿದ್ದ ಮದುಮಗಳನ್ನು ಕರೆತಂದಳು. ಅದೇ ಮದುಮಗಳು, ಅದೇ ಒದ್ದೆ ಸೀರೆ, ನೀರು ತೊಟ್ಟಿಕ್ಕುವ ಕೂದಲು. ಆದರೆ ಇವಳು ಈ ಸಲ ಗಾಣದ ಮನೆಯ ಹುಡುಗಿಗೆ ಬಾವಿಯೊಳಗಿನ ಮೆಟ್ಟಿಲು ತೋರಿಸಿದಳು, ತಪ್ಪಿಸಿಕೊಂಡು ಹೋಗಲು. ಅಜ್ಜಿಗೆ ಸುಸ್ತಾದಾಗ ಅವ್ವ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು ಬಾಗಿಲಿಗೆ ಒರಗಿ ಬಾಣಂತಿ ದೆವ್ವವನ್ನು ಕರೆದಳು. ತನ್ನ ತಮ್ಮನ ಬಾತ ಕಾಲಿನ ನೆಪ ಅವಳಿಗೂ ಸಾಕಾಯಿತು. ಉಣ್ಣುವಾಗಲೂ ನಿಲ್ಲಿಸಲಿಲ್ಲ, ಒಬ್ಬರು ಅಗಿಯುವಾಗ ಇನ್ನೊಬ್ಬರು ಹೇಳಿದರು. ಮಧ್ಯಾಹ್ನ ಬಂದವಳು ಬೀಬಿಜಾನ್, ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವವನ ಹೆಂಡತಿ. ಸುತ್ತಿದ ರೇಷ್ಮೆ ಒಪ್ಪಿಸಿ ಹೋಗಲು ಬಂದವಳು, ವಿಷಯ ತಿಳಿಯುತ್ತಲೇ ಬುರ್ಖಾ ತೆಗೆದು ಗೂಟಕ್ಕೆ ಹಾಕಿ ಚಕ್ಕಳಮಕ್ಕಳ ಹಾಕಿ ಕೂತಳು.

"ನಮ್ದ್ರಲ್ಲಿ ಹಗಲು ರಾತ್ರಿ ಕಾಯ್ದೆ ಇಲ್ರೀ. ನಮ್ಮ ಒಂದು ಜಿನ್ನಿ ಕಳಿಸ್ತೀನಿ, ತಗೊಳ್ಳಿ. ಬಹುತ್ ಜೋರೈತೆ ಅದು."

ಹೀಗೆ ಗಾಣದ ಮನೆಯ ಕಥೆಯಲ್ಲಿ ಒಬ್ಬೊಬ್ಬಳೇ ಸತ್ತವಳು ಬಂದು ಸೇರಿಕೊಂಡಳು. ಬಿಸಿಲಿನ ಚೌಕ ಗೋಡೆ ಹತ್ತಿತು. ನಮ್ಮ ನಡುಮನೆಯಲ್ಲಿ ಆ ದಿನ ಎಷ್ಟು ದೆವ್ವಗಳಿದ್ದವೋ, ನನಗೆ ಅಷ್ಟು ಧೈರ್ಯ ಮತ್ತೆಂದೂ ಬರಲಿಲ್ಲ. ಕಾನ್ವೆಂಟಿನಲ್ಲಿ ಮಳೆಯ ಸಂಜೆ ಸಿಸ್ಟರ್ ಒಬ್ಬರು ಇಂಗ್ಲಿಷ್ ಘೋಸ್ಟ್ ಸ್ಟೋರಿ ಓದಿ ಹೇಳುತ್ತಿದ್ದರು. ಅದರಲ್ಲಿ ಯಾವಾಗಲೂ ಒಬ್ಬ ಲೇಡಿ ಕ್ಯಾಂಡಲ್ ಹಿಡಿದು ಉದ್ದನೆಯ ಕಾರಿಡಾರಿನಲ್ಲಿ ಹೋಗುತ್ತಿದ್ದಳು. ಅವಳು ಯಾಕೆ ಗೆಳತಿಯನ್ನು ಎಬ್ಬಿಸಲಿಲ್ಲ, ಸಿಸ್ಟರ್, ಎಂದು ನಾನು ಕೇಳಿದ್ದಕ್ಕೆ ಕ್ಲಾಸೆಲ್ಲ ನಕ್ಕಿತು. ನನ್ನ ಪ್ರಶ್ನೆಯಲ್ಲಿ ನಗುವಂಥದ್ದು ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಳಕಿಂಡಿ ಕಪ್ಪಾಯಿತು. ತಿಮ್ಮಣ್ಣ ಬಂದಿರಲಿಲ್ಲ. ಅವ್ವ ದೀಪ ಹಚ್ಚಿ ಕೈ ಮುಗಿದಳು, ನಾನು ಓಬಿಯ ಕೈ ಅದುಮಿದೆ. ಹೊತ್ತು ಮೀರಿತ್ತು, ಗೆದ್ದಿದ್ದೆವು. ಆದರೆ ಓಬಿ ಇನ್ನೊಂದು ಕೈಯ ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದಳು. ಆಷಾಢ ಒಂದು ತಿಂಗಳು, ಅಷ್ಟೇ. ಆಮೇಲೆ ಶ್ರಾವಣ ಬರುತ್ತದೆ, ಗಾಡಿಯೂ ಬರುತ್ತದೆ. ಆಗ ಬೆಳಗಿನಿಂದ ಒಂದು ಹೂಂ ಕೂಡ ಅನ್ನದೆ ಕೂತಿದ್ದ ಸಾಕವ್ವ, ಎಳೆಯ ಮೇಲಿನ ಕಣ್ಣು ತೆಗೆಯದೆ, ಕಥೆ ಎತ್ತಿಕೊಂಡಳು.

"ಗಂಡ ಗಾಡಿ ಕಟ್ಟಿಕೊಂಡು ಆ ಹುಡುಗೀನ ಕರಕೊಂಡು ಹೋಗಾಕೆ ಬರ್ತಿದ್ದ. ಹಿರಿಯಳು ನೋಡಿದ್ಲು. ಹೋಗಿ ದಾರೀಲಿ ನಿಂತ್ಲು. ಎತ್ತಿನ ಮೂಗುದಾರ ಹಿಡಿದು, ಬರ್ರಪ್ಪಾ ನಿಮ್ಮವ್ವನ ತಾವ ಹೋಗಾನ ಅಂತ, ಅವು ಹುಟ್ಟಿದ ಕಾವಲಿಗೇ ತಿರುಗಿಸಿಬಿಟ್ಲು. ಗಾಡಿಯೊಳಗೆ ಅವ್ನು ನಿದ್ದೆ ಹೊಡೀತಿದ್ದ."

ಹೂಂ, ಎಂದೆವು ನಾವೆಲ್ಲ. ಆ ಹೂಂಗೆ ಸೇರದ ಒಂದು ಸದ್ದು ಬಾಗಿಲಲ್ಲಿ ಆಯಿತು. ತಿಮ್ಮಣ್ಣ ಹೊಸ್ತಿಲ ಮೇಲೆ ಕುಸಿದು ಕೂತಿದ್ದ. ರುಮಾಲು ಕೈಯಲ್ಲಿತ್ತು, ಮೊಣಕಾಲವರೆಗೆ ಕಾವಲಿನ ಹುಲ್ಲುಮುಳ್ಳು ಅಂಟಿತ್ತು.

"ಅಕ್ಕಾ, ನಿಂಗ್ಯಾರು ಹೇಳಿದ್ರು?"

"ಏನ?"

"ಎತ್ತು ಕಾವಲಿಗೆ ತಿರುಗಿದ್ದು. ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾನು. ಈಗ ಊರೊಳಕ್ಕೆ ಬರ್ತಾ ಇದೀನಿ."

ಎಲ್ಲ ರಾಟೆಗಳೂ ನಿಂತವು. ಸಾಕವ್ವ ಬಣ್ಣಗೆಟ್ಟಳು, ತಾನು ಊಹಿಸಿ ಹೇಳಿದ್ದು ನಡೆದೇ ಹೋಗಿದೆ ಎಂದು ಅವಳಿಗೆ ತಿಳಿದದ್ದು ಆ ಕ್ಷಣ. ಅವಳು ಮಗಳನ್ನು ನೋಡಿದಳು. ತಮ್ಮನನ್ನು ನೋಡಿದಳು. ಆಮೇಲೆ ಎಳೆ ತುಂಡಾಗದ ಹಾಗೆ ಹುಷಾರಾಗಿ ರಾಟೆ ಬದಿಗೆ ಸರಿಸಿದಳು.

"ಗಂಗಮ್ಮನೇ ಹೇಳಿದ್ಲು ಕಣಪ್ಪಾ."

ಅವನು ಸಿಟ್ಟಾಗುತ್ತಾನೆ, ಇಲ್ಲವೇ ನಗುತ್ತಾನೆ ಎಂದು ನಾವು ಕಾದೆವು. ಅವನು ರುಮಾಲನ್ನು ಮಡಿಲಲ್ಲಿಟ್ಟುಕೊಂಡ. ಹೆಂಡತಿ ಸತ್ತಾಗಿನಿಂದ ಅವಳ ಹೆಸರನ್ನು ಅವನ ಮುಂದೆ ಯಾರೂ ಎತ್ತಿರಲಿಲ್ಲವೆಂದು ಕಾಣುತ್ತದೆ.

"ಚೆನ್ನಾಗೈದಾಳಾ?"

ಆ ಒಂದು ಪ್ರಶ್ನೆಗೆ ನಮ್ಮ ಬೆಳಗಿನ ದೆವ್ವಗಳೆಲ್ಲ ತಲೆ ತಗ್ಗಿಸಿದವು. ಸಾಕವ್ವ ಹಿಂದಕ್ಕೆ ಸರಿಯಲಿಲ್ಲ.

"ಚೆನ್ನಾಗೈದಾಳೆ. ನಿನ್ನ ಮ್ಯಾಲೆ ಸಿಟ್ಟಿಲ್ಲಂತೆ. ಈ ಕೂಸು ಇಲ್ಲೇ ಇರ್ಲಿ ಅಂದ್ಲು. ನಾನೂ ಅದನ್ನೇ ಅಂತೀನಿ, ತಿಮ್ಮಣ್ಣಾ."

ತಿಮ್ಮಣ್ಣ ಪಂಚೆಯ ಚುಂಗಿನ ಗಂಟು ಬಿಚ್ಚಿ ಬಿಲ್ಲೆ ತೆಗೆದ. ದೀಪದ ಬೆಳಕಿನಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿದ. ಆಮೇಲೆ ಅದನ್ನು ತನ್ನ ಕೊರಳಿನ ಕರಿದಾರಕ್ಕೇ ಪೋಣಿಸಿಕೊಂಡು ಅಂಗಿಯೊಳಗೆ ಇಳಿಬಿಟ್ಟ. ಕೈಕಾಲು ತೊಳ್ಕೊಂಡು ಉಣ್ಣೇಳಪ್ಪಾ, ಎಂದಳು ಅಜ್ಜಿ. ಅವನು ಉಂಡ. ಮರುದಿನ ಬೆಳಿಗ್ಗೆ ನಡೆದದ್ದನ್ನೆಲ್ಲ ಹೇಳಿದ: ನೆಂಟರ ಮನೆಯ ಊಟ ಹೆಚ್ಚಾಗಿ ಗಾಡಿಯಲ್ಲಿ ತೂಕಡಿಸಿದ್ದು, ಎಚ್ಚರವಾದಾಗ ಸುತ್ತಲೂ ಸರ್ಕಾರಿ ದನಗಳು, ಹಳೆಯ ಗುಂಪು ಸಿಕ್ಕ ಎತ್ತುಗಳು ಮಧ್ಯಾಹ್ನದವರೆಗೆ ನೊಗಕ್ಕೆ ಕತ್ತು ಕೊಡದೆ ಮಲಗಿಬಿಟ್ಟದ್ದು. ಹೇಳುತ್ತ ಹೇಳುತ್ತ ಅವನೇ ನಕ್ಕ. ಅವನ ಗಾಡಿ ಬೀದಿಯ ತಿರುವು ದಾಟಿದ ಮೇಲೆ ನಡುಮನೆಯಲ್ಲಿ ಎದ್ದ ಗದ್ದಲವಿದೆಯಲ್ಲ, ಪಡಸಾಲೆಯಿಂದ ಅಪ್ಪ ಬಂದು ಏನಾಯಿತೆಂದು ಕೇಳಬೇಕಾಯಿತು. ಯಾರೂ ಹೇಳಲಿಲ್ಲ. ಬೀಬಿಜಾನ್ ಮನೆಯಿಂದ ಶಾವಿಗೆ ಪಾಯಸ ಬಂತು. ಅಜ್ಜಿ ನಮಗೆ ಒಂದೇ ತಟ್ಟೆಯಲ್ಲಿ ಬಡಿಸಿದಳು.

ಈ ಕಥೆಯನ್ನು ಕಾನ್ವೆಂಟಿನ ಸಿಸ್ಟರ್‌ಗೆ ಹೇಳಿದಾಗ, ಕೋಇನ್ಸಿಡೆನ್ಸ್, ಮೈ ಡಿಯರ್, ಎಂದರು. ಎತ್ತಿನ ಮಟ್ಟಿಗೆ ನಾನು ಒಪ್ಪುತ್ತೇನೆ. ಸಾಕವ್ವ ರಾಟೆ ಬದಿಗೆ ಸರಿಸಿದ್ದು ಕೋಇನ್ಸಿಡೆನ್ಸ್ ಅಲ್ಲ.

ಓಬಿ ಎಲ್ಲೂ ಹೋಗಲಿಲ್ಲ. ನಾನು ಬಳ್ಳಾರಿಗೆ ಹೋದ ವರ್ಷವೇ ಅವಳು ಅಪ್ಪನ ಖಾಲಿ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿಸಿಕೊಂಡು ಗುಂಡಿಯಲ್ಲಿ ಕಾಲಿಟ್ಟಳು. ಹೆಂಗಸು ಮಗ್ಗಕ್ಕೆ ಕೂರುವುದೇ ಎಂದು ಬೀದಿಯ ಗಂಡಸರು ಆಡಿಕೊಂಡರಂತೆ, ಆಮೇಲೆ ಅವಳ ಸೆರಗಿನ ಗಿಳಿಗಳನ್ನು ನೋಡಿ ಆ ಮಾತು ಬಿಟ್ಟರಂತೆ. ಬೇಕೆನಿಸಿದಾಗ, ಬೇಕೆನಿಸಿದವನನ್ನು ಮದುವೆಯಾದಳು; ರೇಷ್ಮೆಗೆ ಬಣ್ಣ ಹಾಕುವವನು, ಅವಳಿಗಿಂತ ಎರಡು ವರ್ಷ ದೊಡ್ಡವನು. ಮದುವೆಗೆ ತಿಮ್ಮಣ್ಣ ಒಂದು ಡಬ್ಬ ಎಣ್ಣೆ ಹೊತ್ತು ಬಂದಿದ್ದನೆಂದು ಅವ್ವ ಕಾಗದ ಬರೆಸಿದ್ದಳು.

ಓಬಿಯನ್ನು ಕೊನೆಯ ಸಲ ನೋಡಿದ್ದು ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ. ಇಬ್ಬರಿಗೂ ತಲೆ ನರೆತಿತ್ತು. ನಾನು ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದೆ, ಅವಳು ಸೀರೆಗಳ ಗಂಟು ಹೊತ್ತು ದಾವಣಗೆರೆಗೆ ಹೊರಟಿದ್ದಳು, ಅಂಗಡಿಯವರ ಹತ್ತಿರ ತಾನೇ ದರ ಮಾತಾಡಲು. ನನ್ನ ಕನ್ನಡಕ ತೆಗೆದು ತನ್ನ ಸೆರಗಿನಿಂದ ಒರೆಸಿ ಮತ್ತೆ ನನ್ನ ಮೂಗಿನ ಮೇಲಿಟ್ಟಳು, ಈಗ ನೋಡು ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಕಂಡಕ್ಟರ್ ಗಂಟನ್ನು ಮೇಲೆ ಹಾಕಲು ಕೈ ಚಾಚಿದ.

"ಮುಟ್ಟಬ್ಯಾಡ ಕಣಪ್ಪಾ. ನನ್ನ ಪಕ್ಕದಾಗೆ ಕೂರ್ತೈತೆ ಅದು. ಅದಕ್ಕೂ ಟಿಕೀಟು ತಗೋತೀನಿ."

ಅವಳು ಹತ್ತಿ, ಡ್ರೈವರನ ಹಿಂದಿನ ಕಿಟಕಿಯ ಪಕ್ಕದಲ್ಲಿದ್ದವನನ್ನು ಎಬ್ಬಿಸಿ, ಅಲ್ಲಿ ಕೂತಳು. ಬಸ್ಸು ಎಣ್ಣೆ ಮಿಲ್ಲಿನ ಹತ್ತಿರ ತಿರುಗುವವರೆಗೂ ನಾನು ಕೈ ಬೀಸಿದೆ. ಅವಳು ನೋಡಲಿಲ್ಲ, ಗಂಟಿನ ಮೇಲೆ ಒಂದು ಕೈ ಇಟ್ಟುಕೊಂಡು ಇನ್ನೊಂದು ಕೈಯಿಂದ ಡ್ರೈವರನಿಗೆ ದಾರಿ ತೋರಿಸುತ್ತಿದ್ದಳು.